ಒನಕೇಲಿ ಕುಟ್ಟೋ ಐಸ್ ಕ್ರೀಮ್: ಡಮಾಸ್ಕಸ್‌ನ ಬಕ್ದಾಶ್ ಅಂಗಡಿ

ಸಿರಿಯಾ ರಾಜಧಾನಿ ಡಮಾಸ್ಕಸ್‌ನ ಹಳೇ ಊರಿನ ಹಮೀದಿಯಾ ಬಜಾರ್ ಒಳಗೆ ನಡ್ಕೊಂಡು ಹೋಗ್ತಿದ್ರೆ ಬಕ್ದಾಶ್ ಐಸ್ ಕ್ರೀಮ್ ಅಂಗಡಿ ಕಣ್ಣಿಗೆ ಬೀಳೋಕೆ ಮುಂಚೆ ಕಿವಿಗೆ ಬೀಳುತ್ತೆ, ಧಡ್ ಧಡ್ ಧಡ್ ಅಂತ ಏನೋ ಕುಟ್ಟೋ ಸದ್ದು. ಬಜಾರ್ ಉದ್ದಕ್ಕೂ ಕಮಾನಿನ ಆಕಾರದ ತಗಡಿನ ಛಾವಣಿ, ಅದರ ತುಂಬಾ ಸಣ್ಣ ಸಣ್ಣ ತೂತು, ಫ್ರೆಂಚರ ಆಳ್ವಿಕೆ ವಿರುದ್ಧ ನಡೆದ 1925ರ ದಂಗೆ ಟೈಮಲ್ಲಿ ಫ್ರೆಂಚ್ ವಿಮಾನಗಳಿಂದ ಹೊಡೆದ ಗುಂಡಿನ ಗುರುತು ಅಂತ ಹೇಳ್ತಾರೆ, ಆ ತೂತುಗಳಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಜನರ ತಲೆ ಮೇಲೆ ಬೀಳ್ತಿರುತ್ತೆ. ಬಜಾರ್‌ನ ಆ ತುದೀಲಿ ಉಮಯ್ಯದ್ ಮಸೀದಿ. ಮಸೀದಿ ನೋಡೋಕೆ ಬಂದ ಟೂರಿಸ್ಟು, ಮದುವೆ ಬಟ್ಟೆ ತಗೊಳ್ಳೋಕೆ ಬಂದ ಊರಿನವರು, ಎಲ್ಲರೂ ಬಕ್ದಾಶ್‌ಗೆ ಒಂದ್ಸಲ ನುಗ್ಗಿ ಬರಲೇಬೇಕು. 1895ರಲ್ಲಿ ಶುರುವಾದ ಅಂಗಡಿ ಅದು. ನಾನು ಹೋಗಿದ್ದು 2010ರಲ್ಲಿ, ಅಲ್ಲಿನ ಅಂತರ್ಯುದ್ಧಕ್ಕೆ ಮುಂಚೆ. ಆಮೇಲೆ ಅಷ್ಟು ವರ್ಷ ಯುದ್ಧ ನಡೀತಿದ್ರೂ ಅಂಗಡಿ ತೆರೆದೇ ಇತ್ತು, ಜೋರ್ಡಾನ್‌ನ ಅಮ್ಮಾನ್‌ನಲ್ಲೂ ಒಂದು ಶಾಖೆ ಮಾಡಿದ್ರು, ಹಾಗಾಗಿ ಪೆಟ್ರಾ ನೋಡೋಕೆ ಹೋಗೋ ನಮ್ಮವರಿಗೂ ಇದರ ರುಚಿ ನೋಡೋ ಚಾನ್ಸ್ ಇದೆ.

ಇಲ್ಲಿ ಕೌಂಟರ್ ಹಿಂದೆ ನಡೆಯೋದನ್ನ ಸ್ವಲ್ಪ ಹೊತ್ತು ನಿಂತು ನೋಡ್ಬೇಕು. ಆಳವಾದ ಲೋಹದ ಡಬ್ಬಿ, ಅದರ ಸುತ್ತ ಮೈನಸ್ ಡಿಗ್ರಿ ತಂಪು. ಒಳಗೆ ಹಾಲಿನ ಮಿಶ್ರಣ ಗಟ್ಟಿ ಆಗ್ತಾ ಆಗ್ತಾ ಕೆಲಸದವರು ಉದ್ದನೆ ಮರದ ಒನಕೆ ತಗೊಂಡು ಅದನ್ನ ಕುಟ್ತಾರೆ, ಒಂದೆರಡು ಏಟಲ್ಲ, ತೋಳು ಸೋಲೋವರೆಗೂ. ಆಮೇಲೆ ಕೈ ಹಾಕಿ ಡಬ್ಬಿ ಗೋಡೆಯಿಂದ ಎಬ್ಬಿಸ್ತಾರೆ, ಅದು ಹರಿಯೋದಿಲ್ಲ, ಎಳೆಯಾಗಿ ಉದ್ದುದ್ದ ಬರುತ್ತೆ, ಮಡಚಿ ಮತ್ತೆ ಎಳೆದು ಕೊನೆಗೆ ಪಿಸ್ತಾ ಚೂರಿನ ಮೇಲೆ ಹೊರಳಿಸಿ ಬಟ್ಟಲಿಗೆ ಹಾಕಿ ಕೊಡ್ತಾರೆ. ಅರಬ್ಬರು ಇದನ್ನ ಬೂಝಾ ಅಂತಾರೆ. ಬಾಯಿಗೆ ಹಾಕಿದ್ರೆ ಕಚ್ಚಿ ಅಗೀಬೇಕು. ಮೊಟ್ಟೆ ಇಲ್ಲ, ಕ್ರೀಮ್ ಮೇಲೂ ನಿಂತಿಲ್ಲ. ಹಾಲು, ಸಕ್ಕರೆ, ಸಹ್ಲಬ್ ಅನ್ನೋ ಒಂದು ಪುಡಿ, ಮಸ್ತಗಿ ಅನ್ನೋ ಒಂದು ಅಂಟು, ಮುಖ್ಯವಾಗಿ ಇಷ್ಟೇ.

ಇದು ಯಾಕೆ ಹೀಗೆ ಅಂತ ಗೊತ್ತಾಗ್ಬೇಕಾದ್ರೆ ಮೊದಲು ನಾವು ಇಲ್ಲಿ ತಿನ್ನೋ ಐಸ್ ಕ್ರೀಮ್ ಏನು ಅಂತ ನೋಡ್ಬೇಕು. ಯಾವ ಐಸ್ ಕ್ರೀಮ್ ಆದ್ರೂ ನಾಕು ವಸ್ತುಗಳ ಕೂಟ: ಐಸ್ ಹರಳು, ಕೊಬ್ಬಿನ ಕಣ, ಗಾಳಿ ಗುಳ್ಳೆ, ಮತ್ತೆ ಇವೆಲ್ಲದರ ಮಧ್ಯೆ ಹೆಪ್ಪುಗಟ್ಟದೇ ಉಳಿದ ಗಟ್ಟಿ ಸಕ್ಕರೆ ಪಾಕ. ಹೌದು, ಫ್ರೀಜರ್‌ನಲ್ಲಿ ಮೈನಸ್ 18 ಡಿಗ್ರೀಲಿದ್ರೂ ಅದರೊಳಗಿನ ನೀರು ಪೂರ್ತಿ ಐಸ್ ಆಗಿರಲ್ಲ. ನೀರು ಐಸ್ ಆಗ್ತಾ ಹೋದ ಹಾಗೆ ಉಳಿದ ನೀರಲ್ಲಿ ಸಕ್ಕರೆ ದಟ್ಟ ಆಗುತ್ತೆ, ದಟ್ಟ ಆದಷ್ಟೂ ಅದು ಹೆಪ್ಪುಗಟ್ಟೋ ಡಿಗ್ರಿ ಕೆಳಗೆ ಇಳೀತಾ ಹೋಗುತ್ತೆ. ಸಕ್ಕರೆ ಕಮ್ಮಿ ಹಾಕಿ ಮನೇಲಿ ಮಾಡಿದ ಐಸ್ ಕ್ರೀಮ್ ಕಲ್ಲಿನ ಥರ ಆಗೋದಕ್ಕೆ ಇದೇ ಕಾರಣ, ಸಿಹಿ ಮಾಡೋ ಸಕ್ಕರೆನೇ ಮೆತ್ತಗೂ ಇಡುತ್ತೆ.

ಇನ್ನು ಗಾಳಿ. ನಮ್ಮ ದೇಶದ ಆಹಾರ ನಿಯಮದ ಪ್ರಕಾರ 1 ಲೀಟರ್ ಐಸ್ ಕ್ರೀಮ್ ಕನಿಷ್ಠ 525 ಗ್ರಾಂ ತೂಗಿದ್ರೆ ಸಾಕು. ಗಾಳಿ ಸೇರಿಸೋಕೆ ಮುಂಚೆ ಅದೇ ಮಿಶ್ರಣ ಲೀಟರ್‌ಗೆ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿನೇ ತೂಗುತ್ತೆ. ಅಂದ್ರೆ ಡಬ್ಬದಲ್ಲಿ ಅರ್ಧ ಗಾಳಿ ಇರಬಹುದು. ಇದು ಮೋಸ ಅಂತ ಕೆಲವರು ಅಂತಾರೆ, ನಾನು ಹಾಗನ್ನಲ್ಲ, ಗಾಳಿ ಇಲ್ದಿದ್ರೆ ಆ ಹಗುರ, ಆ ನುಣುಪು ಬರಲ್ಲ. ಆದ್ರೆ ಬೂಝಾದಲ್ಲಿ ಯಂತ್ರದ ರೆಕ್ಕೆ ತಿರುಗಿಸಿ ಗಾಳಿ ತುಂಬಿಸಲ್ಲ, ಇದ್ದ ಗುಳ್ಳೆನೂ ಕುಟ್ಟಿ ಕುಟ್ಟಿ ಹೊರಗೆ ಹಾಕ್ತಾರೆ. ಅದಕ್ಕೇ ಬಟ್ಟಲು ಕೈಗೆ ತಗೊಂಡ ತಕ್ಷಣ ಇಷ್ಟು ಚಿಕ್ಕದು ಇಷ್ಟೊಂದು ಭಾರನಾ ಅನ್ಸುತ್ತೆ.

ಕುಟ್ಟೋದ್ರಿಂದ ಇನ್ನೊಂದು ಕೆಲಸ ಆಗುತ್ತೆ. ಡಬ್ಬಿ ಗೋಡೆ ಅತೀ ತಣ್ಣಗಿರೋದ್ರಿಂದ ಐಸ್ ಹರಳು ಮೊದಲು ಹುಟ್ಟೋದು ಗೋಡೆ ಪಕ್ಕ. ಅವನ್ನ ಹಾಗೇ ಬಿಟ್ರೆ ಬೆಳೆದು ದೊಡ್ಡದಾಗುತ್ತೆ, ಹರಳು ಸುಮಾರು 50 ಮೈಕ್ರಾನ್ ದಾಟಿದ್ರೆ, ಅಂದ್ರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ, ನಮ್ಮ ನಾಲಿಗೆ ಅದನ್ನ ಕಂಡುಹಿಡಿದು ಮರಳು ಮರಳು ಅನ್ನೋಕೆ ಶುರು ಮಾಡುತ್ತೆ. ಗೋಡೆಯಿಂದ ಕೆರೆದು, ಕುಟ್ಟಿ, ಮಧ್ಯಕ್ಕೆ ತಂದು ಹರಡಿದ್ರೆ ಲೆಕ್ಕವಿಲ್ಲದಷ್ಟು ಸಣ್ಣ ಹರಳು ಸಿಗುತ್ತೆ. ನಮ್ಮ ಮನೆ ಫ್ರಿಜ್‌ನಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಐಸ್ ಕ್ರೀಮ್ ಕರಕರ ಅನ್ನೋದು ಇದರ ಉಲ್ಟಾ, ಸ್ವಲ್ಪ ಕರಗಿದಾಗ ಸಣ್ಣ ಹರಳುಗಳು ಮಾಯ ಆಗಿ, ಮತ್ತೆ ತಣ್ಣಗಾದಾಗ ಆ ನೀರೆಲ್ಲ ಉಳಿದ ದೊಡ್ಡ ಹರಳಿಗೆ ಹೋಗಿ ಸೇರ್ಕೊಳ್ಳುತ್ತೆ.

ಈಗ ಅಸಲಿ ವಿಷಯ, ಆ ಎಳೆ. ಅದು ಬರೋದು ಮುಖ್ಯವಾಗಿ ಸಹ್ಲಬ್‌ನಿಂದ, ಟರ್ಕಿಯವರು ಸಾಲೆಪ್ ಅಂತಾರೆ, ಅಲ್ಲಿನ ಮರಾಶ್ ಊರಿನ ಪ್ರಸಿದ್ಧ ಐಸ್ ಕ್ರೀಮ್‌ಗೂ ಇದೇ ಆಧಾರ. ಇದು ಆರ್ಕಿಡ್ ಗೆಡ್ಡೆ ಪುಡಿ. ಮಲೆನಾಡಿನವರಿಗೆ ಆರ್ಕಿಡ್ ಅಂದ್ರೆ ಮರದ ಮೇಲೆ ಬೆಳೆಯೋ ಸೀತಾಳೆ ದಂಡೆ ನೆನಪಾಗುತ್ತೆ, ಇವು ಹಾಗಲ್ಲ, ಬೆಟ್ಟದ ಹುಲ್ಲುಗಾವಲಲ್ಲಿ ನೆಲದಲ್ಲೇ ಬೆಳೆಯೋವು. ಗಿಡ ಕಿತ್ತು ನೋಡಿದ್ರೆ ಬುಡದಲ್ಲಿ ಜೋಡಿ ಗೆಡ್ಡೆ ಇರುತ್ತೆ, ಒಂದು ಈ ವರ್ಷದ ಹೂವಿಗೆ ತನ್ನ ಸಾರ ಎಲ್ಲ ಕೊಟ್ಟು ಸುಕ್ಕಾಗಿರೋದು, ಇನ್ನೊಂದು ಬರೋ ವರ್ಷಕ್ಕೆ ಅಂತ ಕೂಡಿಟ್ಟು ಉಬ್ಬಿರೋದು. ಸಹ್ಲಬ್‌ಗೆ ಬೇಕಾಗೋದು ಆ ಎರಡನೇದು. ಅದನ್ನ ಬೇಯಿಸಿ, ಒಣಗಿಸಿ, ಪುಡಿ ಮಾಡ್ತಾರೆ.

ಆ ಪುಡೀಲಿ ಗ್ಲುಕೋಮನ್ನಾನ್ ಅನ್ನೋ ವಸ್ತು ಇದೆ. ಗ್ಲುಕೋಸ್ ಮತ್ತು ಮ್ಯಾನೋಸ್ ಅನ್ನೋ ಎರಡು ಸಕ್ಕರೆಗಳು ಒಂದಕ್ಕೊಂದು ಕೈ ಹಿಡ್ಕೊಂಡು ಸಾವಿರಗಟ್ಟಲೆ ಉದ್ದ ಆದ ಸರಪಳಿ ಅದು, ಅಲ್ಲಲ್ಲಿ ಅಸಿಟೈಲ್ ಅನ್ನೋ ಸಣ್ಣ ಪರಮಾಣು ಗುಂಪುಗಳು ಅಂಟ್ಕೊಂಡಿರೋದ್ರಿಂದ ಸರಪಳಿಗಳು ಒಂದಕ್ಕೊಂದು ಒತ್ತಾಗಿ ಕೂತು ಗಟ್ಟಿ ಆಗೋಕೆ ಆಗಲ್ಲ, ಬಿಡಿಬಿಡಿಯಾಗಿ ನೀರಲ್ಲಿ ಹರಡಿ ನೀರನ್ನೆಲ್ಲ ಹಿಡ್ಕೊಳ್ಳುತ್ತೆ. ನೀರು ಐಸ್ ಆಗಿ ಹೋದ ಹಾಗೆ ಉಳಿದ ಪಾಕದಲ್ಲಿ ಈ ಸರಪಳಿಗಳು ಒತ್ತೊತ್ತಾಗಿ, ಬಟ್ಟಲಲ್ಲಿ ಉಳಿದ ಒತ್ತು ಶ್ಯಾವಿಗೆ ಎಳೆಗಳ ಹಾಗೆ ಒಂದಕ್ಕೊಂದು ಸಿಕ್ಕಾಕೊಳ್ತವೆ. ಎಳೆದಾಗ ಜಾರ್ತವೆ, ಆದ್ರೆ ಪೂರ್ತಿ ಬಿಡಲ್ಲ. ಆ ಜಾರ್ತಾ ಜಾರ್ತಾ ಬಿಡದೇ ಇರೋದೇ ನಾವು ಕಣ್ಣಲ್ಲಿ ನೋಡೋ ಎಳೆ. ಬೂಝಾ ಬೇಗ ಸುರಿದು ಹೋಗದೇ ಇರೋದೂ ಇದರಿಂದಲೇ. ಐಸ್ ಅಂತೂ ಬಿಸಿಲಲ್ಲಿ ಕರಗೇ ಕರಗುತ್ತೆ, ಒಂದು ಗ್ರಾಂ ಐಸ್ ಕರಗೋಕೆ 334 ಜೂಲ್ ಶಾಖ ಸಿಕ್ಕಿದ್ರೆ ಸಾಕು, ಆದ್ರೆ ಕರಗಿದ ನೀರು ಆ ಸರಪಳಿ ಮಧ್ಯೆ ಸಿಕ್ಕಿ ನಿಂತ್ಬಿಡುತ್ತೆ, ಕೈ ಮೇಲೆ ಸೋರಲ್ಲ.

ಮಸ್ತಗಿ ಕಥೆನೂ ಚೆನ್ನಾಗಿದೆ. ಗ್ರೀಸ್‌ನ ಕಿಯೋಸ್ ದ್ವೀಪದ ದಕ್ಷಿಣ ಭಾಗದ ಹಳ್ಳಿಗಳಲ್ಲಿ ಒಂದು ಕುಳ್ಳು ಮರದ ತೊಗಟೆಗೆ ಬೇಸಿಗೇಲಿ ಗೀರು ಹಾಕ್ತಾರೆ, ನೆಲದ ಮೇಲೆ ಬಿಳೀ ಸುಣ್ಣದ ಮಣ್ಣು ಹಾಸಿರ್ತಾರೆ, ಅಂಟು ಹನಿ ಹನಿಯಾಗಿ ಅದರ ಮೇಲೆ ಬಿದ್ದು ಗಟ್ಟಿ ಆಗುತ್ತೆ. ಈ ಪದ್ಧತಿನ 2014ರಲ್ಲಿ ಯುನೆಸ್ಕೋ ತನ್ನ ಪರಂಪರೆ ಪಟ್ಟಿಗೆ ಸೇರಿಸ್ತು. ನಮ್ಮಲ್ಲಿ ಯುನಾನಿ ಔಷಧ ಮಾಡೋರಿಗೆ ರೂಮಿ ಮಸ್ತಗಿ ಅಂತ ಇದು ಚೆನ್ನಾಗಿ ಗೊತ್ತು. ಅದು ನೀರಲ್ಲಿ ಕರಗಲ್ಲ, ಸುಮ್ನೆ ಹಾಲಿಗೆ ಹಾಕಿದ್ರೆ ಪಾತ್ರೆಗೆ ಮೆತ್ಕೊಳ್ಳುತ್ತೆ, ಅದಕ್ಕೆ ಸಕ್ಕರೆ ಜೊತೆ ನುಣ್ಣಗೆ ಅರೆದು ಹಾಕೋದು ರೂಢಿ. ಪೈನ್ ಮರದ ವಾಸನೆ ಥರ ಒಂದು ತಂಪು ಘಮ ಬರೋದು ಅದರಲ್ಲಿರೋ ಪೈನೀನ್ ಅನ್ನೋ ಎಣ್ಣೆ ಅಂಶದಿಂದ. ಇದರಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಅಂದ್ರೆ ಒಳಗಿರೋ ಮಸ್ತಗಿ ಮರ, ಹೊರಗೆ ಅಂಟಿರೋ ಪಿಸ್ತಾ ಮರ ಎರಡೂ ಪಿಸ್ತಾಸಿಯಾ ಅನ್ನೋ ಒಂದೇ ಕುಲದವು, ಇನ್ನೂ ಸ್ವಲ್ಪ ದೂರದ ಸಂಬಂಧ ಹಿಡ್ಕೊಂಡು ಹೋದ್ರೆ ನಮ್ಮ ಮಾವು, ಗೇರು ಎಲ್ಲಾ ಅದೇ ಕುಟುಂಬ.

ಫ್ರಿಜ್ ಇಲ್ಲದ 1895ರಲ್ಲಿ ಇದನ್ನ ಹೇಗೆ ಮಾಡ್ತಿದ್ರು? ಡಮಾಸ್ಕಸ್‌ಗೆ ಕರೆಂಟು, ಟ್ರಾಮು ಬಂದಿದ್ದೇ 1907ರಲ್ಲಿ. ಆದ್ರೆ ಊರಿನ ಪಶ್ಚಿಮಕ್ಕೆ ಬೆಟ್ಟಗಳಿವೆ, ಜಬಲ್ ಅಲ್ ಶೇಖ್ ಅಂತೂ 2,800 ಮೀಟರ್ ಎತ್ತರ, ಚಳಿಗಾಲದ ಹಿಮ ಬೇಸಿಗೆವರೆಗೂ ಸಿಗುತ್ತೆ. ಆ ಕಡೆಯ ಹಿಮದ ವ್ಯಾಪಾರ ಎಷ್ಟು ಹಳೇದು ಅಂದ್ರೆ ಐನೂರು ವರ್ಷಕ್ಕೂ ಹಿಂದೆ ಈಜಿಪ್ಟ್, ಸಿರಿಯಾ ಆಳಿದ ಮಮ್ಲೂಕ್ ಸುಲ್ತಾನರ ಕಾಲದಲ್ಲೇ ಸಿರಿಯಾದ ಹಿಮನ ಒಂಟೆ ಮೇಲೆ, ಹಡಗಲ್ಲಿ ಕೈರೋವರೆಗೂ ಕಳಿಸ್ತಿದ್ರು. ಹಿಮಕ್ಕೆ ಉಪ್ಪು ಬೆರೆಸಿದ್ರೆ ಉಪ್ಪಿನಿಂದ ಹಿಮ ಸೊನ್ನೆ ಡಿಗ್ರಿಗಿಂತ ಕೆಳಗೇ ಕರಗೋಕೆ ಶುರುವಾಗುತ್ತೆ, ಕರಗೋಕೆ ಬೇಕಾದ ಶಾಖನ ಅಕ್ಕಪಕ್ಕದಿಂದ ಎಳ್ಕೊಳ್ಳುತ್ತೆ, ಹೀಗೆ ಮೈನಸ್ 21 ಡಿಗ್ರಿವರೆಗೂ ಇಳಿಸ್ಬಹುದು. ಐಸ್ ಕ್ರೀಮ್‌ಗೆ ಅಷ್ಟು ಧಾರಾಳ.

ಯಾರಾದ್ರೂ ಹೋದ್ರೆ ಒಂದು ಮಾತು, ಕೊಟ್ಟ ತಕ್ಷಣ ಗಬಗಬ ತಿನ್ನಬೇಡಿ. ನಾಲಿಗೇಲಿ ಸಿಹಿ ತಿಳಿಸೋ ಜೀವಕೋಶಗಳಲ್ಲಿ ಟಿಆರ್‌ಪಿಎಂ5 ಅನ್ನೋ ಒಂದು ಬಾಗಿಲಿದೆ, ತಣ್ಣಗಿದ್ದಾಗ ಅದು ಮಂದ, ಬೆಚ್ಚಗಾದಾಗ ಚುರುಕು. ಕರಗಿದ ಐಸ್ ಕ್ರೀಮ್ ಜಾಸ್ತಿ ಸಿಹಿ ಅನ್ಸೋದು ಅದಕ್ಕೇ. ಬೂಝಾ ಅಗಿಯೋ ತಿಂಡಿ ಆಗಿರೋದ್ರಿಂದ ಬಾಯಲ್ಲಿ ಹೆಚ್ಚು ಹೊತ್ತು ನಿಂತು ಬೆಚ್ಚಗಾಗ್ತಾ ರುಚಿ ಬಿಡುತ್ತೆ, ಮಸ್ತಗಿ ಘಮ ಬರೋದಂತೂ ಕೊನೇಲಿ.

ಇಷ್ಟೆಲ್ಲ ಹೊಗಳಿದ ಮೇಲೆ ಗೆಡ್ಡೆ ಲೆಕ್ಕನೂ ಹೇಳ್ಲೇಬೇಕು. ಒಂದು ಕೆಜಿ ಸಹ್ಲಬ್ ಪುಡಿಗೆ ಸಾವಿರದಿಂದ ನಾಕು ಸಾವಿರ ಗೆಡ್ಡೆ ಬೇಕು. ನೂರು ಪಾಲು ಹಾಲಿಗೆ ಒಂದು ಪಾಲು ಪುಡಿ ಅಂತ ಇಟ್ಕೊಂಡ್ರೆ ನೂರು ಗ್ರಾಂ ಐಸ್ ಕ್ರೀಮ್‌ಗೆ ಒಂದರಿಂದ ನಾಕು ಗೆಡ್ಡೆ ಆಯ್ತು, ಅಂದ್ರೆ ಅಷ್ಟು ಗಿಡ, ಯಾಕಂದ್ರೆ ಬರೋ ವರ್ಷದ ಗೆಡ್ಡೆ ಕಿತ್ರೆ ಗಿಡ ಮತ್ತೆ ಬರಲ್ಲ. ಬೀಜ ಬಿತ್ತಿ ಬೆಳೀಬಹುದಲ್ವಾ ಅಂದ್ರೆ ಅದು ಸುಲಭ ಇಲ್ಲ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಮೊಳಕೆಗೆ ಬೇಕಾದ ಆಹಾರವೇ ಇರಲ್ಲ, ಮಣ್ಣಲ್ಲಿ ಸರಿಯಾದ ಜಾತಿ ಶಿಲೀಂಧ್ರ ಸಿಕ್ಕಿ ಅದು ಆಹಾರ ಕೊಟ್ರೆ ಮಾತ್ರ ಮೊಳೆಯುತ್ತೆ, ಹೂ ಬಿಡೋಕೆ ಮತ್ತೆ ಹಲವು ವರ್ಷ. ಅದಕ್ಕೇ ಈ ಆರ್ಕಿಡ್‌ಗಳು ಟರ್ಕಿ, ಇರಾನ್ ಬೆಟ್ಟಗಳಲ್ಲಿ ಕಮ್ಮಿ ಆಗ್ತಿವೆ, ಟರ್ಕಿ ಸಾಲೆಪ್ ರಫ್ತು ನಿಷೇಧ ಮಾಡಿದೆ, ಇಡೀ ಆರ್ಕಿಡ್ ಕುಟುಂಬವೇ ಕಾಡುಜೀವಿ ವ್ಯಾಪಾರ ನಿಯಂತ್ರಿಸೋ ಸೈಟಿಸ್ ಒಪ್ಪಂದದ ಪಟ್ಟೀಲಿದೆ. ನಮ್ಮ ಗ್ರಂಧಿಗೆ ಅಂಗಡಿಗಳಲ್ಲಿ ಸಾಲಂ ಮಿಶ್ರಿ ಅಂತ ಸಿಗೋದೂ ಇದೇ ಥರದ ಆರ್ಕಿಡ್ ಗೆಡ್ಡೆ, ಹಿಮಾಲಯದಲ್ಲಿ ಅದರ ಪರಿಸ್ಥಿತಿನೂ ಚೆನ್ನಾಗಿಲ್ಲ.

ಪರ್ಯಾಯ ಇದೆ, ಅದೂ ನಮಗೆ ಹತ್ತಿರದ್ದೇ. ಜಪಾನ್, ಚೀನಾದಲ್ಲಿ ಹೊಲದಲ್ಲೇ ಬೆಳೆಯೋ ಕೊಂಜಾಕ್ ಗೆಡ್ಡೇಲೂ ಗ್ಲುಕೋಮನ್ನಾನ್ ಹೇರಳ. ಅದು ನಮ್ಮ ಸುವರ್ಣಗೆಡ್ಡೆಯ ಕುಲದ್ದೇ ಗಿಡ, ಆದ್ರೆ ಸುವರ್ಣಗೆಡ್ಡೇಲಿ ಪಿಷ್ಟವೇ ಜಾಸ್ತಿ, ಪಲ್ಯಕ್ಕೆ ಸರಿ, ಈ ಕೆಲಸಕ್ಕೆ ಆಗಲ್ಲ. ಇಲ್ಲಿನ ಐಸ್ ಕ್ರೀಮ್ ಡಬ್ಬದ ಹಿಂದೆ ಸ್ಟೆಬಿಲೈಸರ್ 412 ಅಂತ ಬರೆದಿದ್ರೆ ಅದು ಗೋರಿಕಾಯಿ ಬೀಜದ ಗಮ್, ಅದೂ ಮ್ಯಾನೋಸ್ ಸರಪಳಿಯೇ, ಗಟ್ಟಿ ಮಾಡುತ್ತೆ, ಆದ್ರೆ ಬೂಝಾ ಥರದ ಎಳೆ ಕೊಡೋದ್ರಲ್ಲಿ ಹಿಂದೆ. ಕೊಂಜಾಕ್ ಹಾಕಿ ಮಾಡಿದ್ರೆ ಆರ್ಕಿಡ್ ಪುಡಿಯ ಆ ಮಣ್ಣು ಹೂವಿನ ಸಣ್ಣ ಪರಿಮಳ ಇರಲ್ಲ, ಹಳಬರು ಒಪ್ಪಲ್ಲ, ಅವರ ಬೇಜಾರು ನನಗೆ ಅರ್ಥ ಆಗುತ್ತೆ. ಆದ್ರೂ ನನ್ನ ಪ್ರಕಾರ ಬೂಝಾ ಅಂದ್ರೆ ಮೊದಲು ಆ ತೋಳಿನ ಕೆಲಸ, ಆ ಕುಟ್ಟೋ ಕೈ ಇದ್ರೆ ಹೊಲದ ಗೆಡ್ಡೇಲೂ ಎಳೆ ಬರುತ್ತೆ, ಹಾಗೆ ಮಾಡಿದ್ದನ್ನ ಇದು ಕೊಂಜಾಕ್‌ದು ಅಂತ ಬೋರ್ಡ್ ಹಾಕಿ ಮಾರಿದ್ರೆ ನಾನು ಮೊದಲು ಕ್ಯೂ ನಿಲ್ತೀನಿ.