ಲೂ: ಮಂಗೋಲರ ಡ್ರ್ಯಾಗನ್ ಎಂದರೆ ಏನು?

ಮಂಗೋಲಿಯನ್ ಭಾಷೆಯಲ್ಲಿ ಡ್ರ್ಯಾಗನ್‌ಗೆ ‘ಲೂ’ ಎಂದು ಹೆಸರು. ಚೀನೀ ಭಾಷೆಯ ‘ಲುಂಗ್’ ಎಂಬ ಪದವು ಮಧ್ಯ ಏಷ್ಯಾದ ತುರ್ಕಿ ಜನರಾದ ಉಯಿಘುರರ ಮೂಲಕ ಮಂಗೋಲರನ್ನು ತಲುಪಿ ಈ ರೂಪ ಪಡೆಯಿತು. ಹನ್ನೆರಡು ಪ್ರಾಣಿಗಳ ವರ್ಷಚಕ್ರದಲ್ಲಿ ಲೂವಿನ ವರ್ಷವೂ ಒಂದು. 2012 ಮತ್ತು 2024 ಅಂತಹ ವರ್ಷಗಳು. ಈ ಚಕ್ರದಲ್ಲಿ ಲೂವಿನ ಮರುವರ್ಷವೇ ‘ಮೊಗೊಯ್’, ಅಂದರೆ ಹಾವಿನ ವರ್ಷ. ಹಾವನ್ನೂ ಡ್ರ್ಯಾಗನ್ನನ್ನೂ ಒಂದೇ ಎಂದು ತಿಳಿಯುವವರಿಗೆ ಇಷ್ಟೇ ಸಾಕು: ಮಂಗೋಲರ ಲೆಕ್ಕದಲ್ಲಿ ಅವು ಬೇರೆ ಬೇರೆ ಜೀವಿಗಳು.

ಲೂವಿನ ನೆಲೆ ಮೋಡ, ಅದರ ಕೆಲಸ ಗುಡುಗುವುದು. ಹಳೆಯ ಮಂಗೋಲ್ ಬರಹದಲ್ಲಿ ಗುಡುಗನ್ನು ‘ಲೂವಿನ ದನಿ’ ಎಂದೇ ಕರೆಯುತ್ತಾರೆ. ಇರಾನಿನ ಮಂಗೋಲ್ ಆಸ್ಥಾನದಲ್ಲಿ ಮಂತ್ರಿಯಾಗಿದ್ದ ರಶೀದುದ್ದೀನನು 14ನೇ ಶತಮಾನದ ಆರಂಭದಲ್ಲಿ ಬರೆದ ಚರಿತ್ರೆಯಲ್ಲಿ, ಉರಿಯಾಂಖಾಯ್ ಎಂಬ ಅರಣ್ಯವಾಸಿ ಬಣದ ಕುರಿತು ಹೇಳುವಾಗ ಈ ನಂಬಿಕೆಯನ್ನು ಬಹಳ ಹತ್ತಿರದಿಂದ ತೋರಿಸುತ್ತಾನೆ. ಸಿಡಿಲು ಡ್ರ್ಯಾಗನ್ನಿನಂತಹ ಒಂದು ಪ್ರಾಣಿಯಿಂದ ಹೊರಡುತ್ತದೆ. ಅದು ಆಕಾಶದಿಂದ ನೆಲಕ್ಕೆ ಬಿದ್ದು, ಬಾಲವನ್ನು ಬಡಿದು, ಸುತ್ತಿಕೊಂಡು, ಬಾಯಿಂದ ಬೆಂಕಿಯುಗುಳುವುದನ್ನು ತಾವು ಕಣ್ಣಾರೆ ಕಂಡಿದ್ದೇವೆ ಎಂದು ಅಲ್ಲಿಯ ಜನ ಹೇಳುತ್ತಿದ್ದರಂತೆ. ಉಳಿದ ಮಂಗೋಲರು ಗುಡುಗಿಗೆ ಹೆದರಿ ಮನೆಯೊಳಗೆ ಕೂರುತ್ತಿದ್ದರೆ, ಈ ಬಣದವರು ಮೋಡ ಮಿಂಚುಗಳನ್ನು ಗಟ್ಟಿಯಾಗಿ ಬೈಯುತ್ತಿದ್ದರಂತೆ. ಆ ಬೈಗುಳವೇನೆಂದು ಅವನು ಬರೆದಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು! 1253ರಿಂದ 1255ರವರೆಗೆ ಮಂಗೋಲರ ನಾಡಿನಲ್ಲಿ ಸಂಚರಿಸಿದ ಪಾದ್ರಿ ವಿಲಿಯಂ ರೂಬ್ರುಕ್ ಕೂಡ, ಒಗೆದ ಬಟ್ಟೆಯನ್ನು ಒಣಹಾಕಿದರೆ ಗುಡುಗು ಬರುತ್ತದೆಂಬ ಭಯದಿಂದ ಅವರು ಬಟ್ಟೆಯನ್ನೇ ಒಗೆಯುವುದಿಲ್ಲ ಎಂದು ದಾಖಲಿಸಿದ್ದಾನೆ. ಬಯಲಿನ ಹುಲ್ಲುಗಾವಲಿನಲ್ಲಿ ಸಿಡಿಲು ಬಡಿದರೆ ಮರೆಗೆ ಒಂದು ಮರವೂ ಇರದ ಜನರ ಈ ಭಯವನ್ನು ಬರಿಯ ಮೂಢನಂಬಿಕೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ.

ಲೂವಿನೊಂದಿಗೆ ಬೆರೆಸಬಾರದ ಇನ್ನೊಂದು ಪದ ‘ಲುಸ್’. ಉಚ್ಚಾರಣೆ ಹತ್ತಿರವಾದರೂ ಇದರ ಮೂಲ ಟಿಬೆಟನ್ನಿನ ‘ಲು’. ಸಂಸ್ಕೃತದ ಬೌದ್ಧ ಗ್ರಂಥಗಳಲ್ಲಿ ‘ನಾಗ’ ಎಂದಿದ್ದಲ್ಲೆಲ್ಲ ಟಿಬೆಟ್ಟಿನ ಅನುವಾದಕರು ಬಳಸಿದ ಪದವೇ ಅದು. ಹೀಗಾಗಿ ವಾಸುಕಿ, ತಕ್ಷಕರು ಬೌದ್ಧಧರ್ಮದ ಜೊತೆ ಹಿಮಾಲಯ ದಾಟಿ ಲುಸ್‌ಗಳ ಅರಸರಾಗಿ ಮಂಗೋಲಿಯಾವನ್ನು ಸೇರಿದರು. ಲುಸ್‌ಗಳು ನದಿ, ಸರೋವರ, ಊಟೆಗಳ ಒಡೆಯರು. ನೆಲದ ಒಡೆಯರಾದ ‘ಸವ್ದಗ್’ಗಳೊಂದಿಗೆ ಸೇರಿಸಿ ‘ಲುಸ್ ಸವ್ದಗ್’ ಎಂದು ಜೋಡಿಯಾಗಿ ಹೇಳುವುದು ರೂಢಿ. ನೀರಿಗೆ ರಕ್ತ, ಹಾಲು, ಕೊಳೆ ಬಿದ್ದರೆ ಅವು ಮುನಿದು ಕಾಯಿಲೆ ತರುತ್ತವೆ ಎಂಬುದು ನಂಬಿಕೆ. ನಮ್ಮ ಕರಾವಳಿಯ ನಾಗಬನದಲ್ಲಿ ಕೊಡಲಿ ಆಡಿಸಲು ಹಿಂಜರಿಯುವವರಿಗೆ ಈ ಮಾತು ಹೊಸದೆನಿಸದು. ಚೀನಾದಲ್ಲಿ ಮಾತ್ರ ಅನುವಾದಕರು ನಾಗನನ್ನು ನೇರವಾಗಿ ‘ಲುಂಗ್’ ಎಂದೇ ಕರೆದದ್ದರಿಂದ ಅಲ್ಲಿ ನಾಗರಾಜರು ಡ್ರ್ಯಾಗನ್ ರಾಜರಾದರು. ಮಂಗೋಲರಿಗೆ ಒಂದೇ ಕಲ್ಪನೆ ಎರಡು ದಾರಿಗಳಿಂದ ಬಂದು ಎರಡು ಪದಗಳಾಗಿ ಉಳಿಯಿತು.

ಹಾಗಾದರೆ ಕೊಲ್ಲಬೇಕಾದ ಡ್ರ್ಯಾಗನ್ ಎಲ್ಲಿ? ಋಗ್ವೇದದಲ್ಲಿ ನೀರನ್ನು ತಡೆದು ಮಲಗಿದ ವೃತ್ರನೆಂಬ ‘ಅಹಿ’ಯನ್ನು ಇಂದ್ರನು ಕೊಲ್ಲುತ್ತಾನೆ, ಇರಾನಿನ ಪುರಾಣದಲ್ಲಿ ಅಜಿ ದಹಾಕನೆಂಬ ಮೂರು ತಲೆಯ ಸರ್ಪವಿದೆ. ಮಂಗೋಲರ ಕಾವ್ಯದಲ್ಲಿ ಆ ಸ್ಥಾನ ಲೂವಿನದಲ್ಲ, ಅನೇಕ ತಲೆಗಳ ‘ಮಂಗಸ್’ ಎಂಬ ರಕ್ಕಸನದು. 1716ರಲ್ಲಿ ಬೀಜಿಂಗ್‌ನಲ್ಲಿ ಮಂಗೋಲಿಯನ್ ಭಾಷೆಯಲ್ಲಿ ಅಚ್ಚಾದ, ಗೆಸರ್ ಎಂಬ ವೀರನ ಕಥೆಯಲ್ಲಿ ನಾಯಕನು ಕೊಲ್ಲುವುದು ಹನ್ನೆರಡು ತಲೆಯ ಮಂಗಸ್‌ನನ್ನು. ಜನಪದ ಕಥೆಗಳಲ್ಲಿ ‘ಅವರ್ಗ ಮೊಗೊಯ್’ ಎಂಬ ದೈತ್ಯ ಹಾವು ಕೂಡ ಇದೆ. ಅದರ ವೈರಿ ಖಾನ್‌ಗರ್ದಿ, ಅಂದರೆ ನಮ್ಮ ಗರುಡ. ಉಲಾನ್‌ಬಾತರ್ ನಗರದ ಲಾಂಛನದಲ್ಲಿ ಹಾವನ್ನು ಹಿಡಿದು ನಿಂತಿರುವವನು ಅವನೇ.

ಬ್ಯಾಬಿಲೋನಿನಲ್ಲಿ ಡ್ರ್ಯಾಗನ್ ವೈರಿಯಲ್ಲ, ದೇವರ ವಾಹನ. ಕ್ರಿ.ಪೂ. 6ನೇ ಶತಮಾನದಲ್ಲಿ ಎರಡನೇ ನೆಬುಕಡ್ನೆಜರ್ ಕಟ್ಟಿಸಿದ ಇಷ್ಟಾರ್ ದ್ವಾರದ ಇಟ್ಟಿಗೆಗಳ ಮೇಲಿನ ‘ಮುಶ್‌ಹುಶ್ಶು’ವಿಗೆ ಹಾವಿನ ತಲೆ, ಸಿಂಹದ ಮುಂಗಾಲು, ಹದ್ದಿನ ಹಿಂಗಾಲು, ಅದು ಮರ್ದುಕ್ ದೇವತೆಯದು. ಗೋಬಿ ಮರುಭೂಮಿಯ ಡೈನೋಸಾರ್ ಮೂಳೆಗಳನ್ನು ಕಂಡೇ ಜನರು ಡ್ರ್ಯಾಗನ್ ಕಲ್ಪಿಸಿಕೊಂಡರು ಎಂಬ ಜನಪ್ರಿಯ ವಾದಕ್ಕೆ ನೇರ ಆಧಾರವಿಲ್ಲ. ಚೀನೀ ಔಷಧದಲ್ಲಿ ಪಳೆಯುಳಿಕೆಗಳನ್ನು ‘ಡ್ರ್ಯಾಗನ್ ಮೂಳೆ’ ಎಂದು ಅರೆದು ಕೊಡುತ್ತಿದ್ದರೆಂಬುದು ನಿಜ. ಆದರೆ ಮೂಳೆಗೆ ಹೆಸರಿಡುವ ಹೊತ್ತಿಗೆ ಡ್ರ್ಯಾಗನ್ ಆಗಲೇ ಜನರ ಮನಸ್ಸಿನಲ್ಲಿತ್ತು.

ಇನ್ನು ರಾಜಕೀಯದ ಡ್ರ್ಯಾಗನ್. ಮಂಗೋಲಿಯಾದ ಹುಲ್ಲುಗಾವಲನ್ನು ಆಳಿದ ಶಿಯಾಂಗ್ನು ಅರಸರು ವರ್ಷದ ಐದನೇ ತಿಂಗಳಲ್ಲಿ ‘ಲುಂಗ್‌ಚೆಂಗ್’, ಅಂದರೆ ಡ್ರ್ಯಾಗನ್ ನಗರದಲ್ಲಿ ಸೇರಿ ಪೂರ್ವಜರಿಗೂ ಆಕಾಶ ಭೂಮಿಗಳಿಗೂ ಬಲಿ ಕೊಡುತ್ತಿದ್ದರೆಂದು ಹಾನ್ ಕಾಲದ ಚೀನೀ ಚರಿತ್ರೆ ತಿಳಿಸುತ್ತದೆ. ಅರ್ಖಾಂಗಾಯ್ ಪ್ರಾಂತ್ಯದಲ್ಲಿ ‘ಆಕಾಶಪುತ್ರ ಶಾನ್‌ಯು’ (ಶಾನ್‌ಯು ಎಂದರೆ ಶಿಯಾಂಗ್ನು ಅರಸನ ಬಿರುದು) ಎಂಬ ಬರಹವುಳ್ಳ ಹೆಂಚುಗಳು ದೊರೆತ ಮೇಲೆ, 2020ರಲ್ಲಿ ಮಂಗೋಲ್ ಪುರಾತತ್ತ್ವಜ್ಞರು ಆ ನೆಲೆಯೇ ಲುಂಗ್‌ಚೆಂಗ್ ಎಂದು ಪ್ರಕಟಿಸಿದರು. ಮುಂದೆ ಕುಬ್ಲಾಯ್ ಖಾನ್ ಸ್ಥಾಪಿಸಿದ ಯುವಾನ್ ರಾಜವಂಶವು ಚೀನೀ ಚಕ್ರವರ್ತಿಯ ಚಿಹ್ನೆಯನ್ನು ತನ್ನದಾಗಿಸಿಕೊಂಡಿತು. 1314ರ ಉಡುಪಿನ ಕಟ್ಟಳೆಯು ಡ್ರ್ಯಾಗನ್ ಎಂದರೆ ಐದು ಉಗುರು, ಎರಡು ಕೊಂಬು ಇರುವುದು ಎಂದು ವಿವರಿಸಿ, ಅದನ್ನು ಧರಿಸದಂತೆ ಉಳಿದವರನ್ನು ನಿರ್ಬಂಧಿಸಿತು.

ಕುಬ್ಲಾಯ್‌ನ ತಮ್ಮ ಹುಲಾಗುವಿನ ವಂಶದವರು ಇದೇ ಚಿತ್ರವನ್ನು ಇರಾನಿಗೆ ಒಯ್ದರು. 1270ರ ದಶಕದಲ್ಲಿ ಅಬಾಕಾ ಖಾನ್ ತಖ್ತ್-ಎ-ಸುಲೈಮಾನ್‌ನಲ್ಲಿ ಕಟ್ಟಿಸಿದ ಅರಮನೆಯ ಗೋಡೆಗಳಿಗೆ ಚೀನೀ ಶೈಲಿಯ ಡ್ರ್ಯಾಗನ್ ಹೆಂಚುಗಳನ್ನು ಕೂರಿಸಲಾಯಿತು. ಅಲ್ಲಿ ಅದು ದೊರೆತನದ ಗುರುತು. ಕೆಲವೇ ದಶಕಗಳಲ್ಲಿ, 1330ರ ಸುಮಾರಿಗೆ ಅದೇ ವಂಶದ ಆಳ್ವಿಕೆಯಲ್ಲಿ ಸಿದ್ಧವಾದ, ಇರಾನಿನ ದೊರೆಗಳ ಮಹಾಕಾವ್ಯ ಶಾಹನಾಮೆಯ ಸಚಿತ್ರ ಪ್ರತಿಯಲ್ಲಿ, ದೊರೆ ಬಹ್ರಾಮ್ ಗೂರ್ ಕೊಲ್ಲುವ ದುಷ್ಟ ‘ಅಜ್‌ದಹಾ’ವನ್ನು ಚಿತ್ರಕಾರರು ಬಿಡಿಸಿದ್ದು ಚೀನೀ ಡ್ರ್ಯಾಗನ್ನಿನ ರೂಪದಲ್ಲಿಯೇ. ಇರಾನಿನ ಕಿರುಚಿತ್ರಗಳ ಪರಂಪರೆ ಮುಂದೆಯೂ ಆ ರೂಪವನ್ನೇ ಉಳಿಸಿಕೊಂಡಿತು.