ಬುಲ್‌ಪೆನ್ ಲೆಕ್ಕ: ಬೇಸ್‌ಬಾಲ್ ಮ್ಯಾನೇಜರ್ ರಿಲೀಫ್ ಪಿಚರ್‌ಗಳನ್ನು ಬಳಸುವ ಬಗೆ

ಕ್ರಿಕೆಟ್ ನೋಡುತ್ತ ಬೆಳೆದವರು ಬೇಸ್‌ಬಾಲ್ ಕಲಿಯಲು ಕೂತಾಗ ಮೊದಲು ಬಿಡಬೇಕಾದ ಅಭ್ಯಾಸ ಒಂದಿದೆ. ಕ್ರಿಕೆಟ್‌ನಲ್ಲಿ ನಾಯಕ ಬೌಲರನ್ನು ಬದಲಿಸಿದರೆ ಆತ ಲಾಂಗ್ ಆನ್‌ನಲ್ಲಿ ಹೋಗಿ ನಿಲ್ಲುತ್ತಾನೆ, ಬೇಕಾದಾಗ ಮತ್ತೆ ಚೆಂಡು ಹಿಡಿಯುತ್ತಾನೆ. ಬೇಸ್‌ಬಾಲ್‌ನಲ್ಲಿ ಪಂದ್ಯದಿಂದ ಒಮ್ಮೆ ಹೊರಗೆ ಹೋದವನಿಗೆ ಆ ದಿನ ವಾಪಸ್ ಬರುವ ದಾರಿ ಇಲ್ಲ. ಹಾಗಾಗಿ ಮ್ಯಾನೇಜರ್ ಮೌಂಡ್‌ಗೆ (ಎಸೆಯುವವನು ನಿಲ್ಲುವ ದಿಬ್ಬ) ನಡೆದುಹೋಗಿ ಪಿಚರ್‌ನ (ಎಸೆಯುವವನ) ಕೈಯಿಂದ ಚೆಂಡು ತೆಗೆದುಕೊಂಡನೆಂದರೆ ಅದು ತಿರುಗಿಸಲಾಗದ ನಿರ್ಧಾರ. ಈ ಟಿಪ್ಪಣಿ ಅಮೆರಿಕದ ಮೇಜರ್ ಲೀಗ್ ನಿಯಮಗಳನ್ನು ಹಿಡಿದು ಬರೆದದ್ದು.

ಮೊದಲು ಕೈಯಲ್ಲಿ ಎಷ್ಟಿದೆ ನೋಡಿ. ಒಂದು ಪಂದ್ಯಕ್ಕೆ 9 ಇನ್ನಿಂಗ್, ಅಂದರೆ 27 ಔಟ್. ತಂಡದಲ್ಲಿ 26 ಆಟಗಾರರು, ಅವರಲ್ಲಿ ಪಿಚರ್‌ಗಳು 13ಕ್ಕಿಂತ ಹೆಚ್ಚು ಇರುವಂತಿಲ್ಲ (ಸೆಪ್ಟೆಂಬರ್‌ನಲ್ಲಿ ಇದು 28 ಮತ್ತು 14). ಪಂದ್ಯ ಶುರುಮಾಡುವ ಐವರು ಸ್ಟಾರ್ಟರ್‌ಗಳನ್ನು ಬಿಟ್ಟರೆ ಬುಲ್‌ಪೆನ್‌ನಲ್ಲಿ (ನಡುವೆ ಬದಲಿಗೆ ಬರುವ ರಿಲೀಫ್ ಪಿಚರ್‌ಗಳು ಕಾಯುವ ಜಾಗ) ಉಳಿಯುವುದು ಎಂಟು ಜನ. ಸ್ಟಾರ್ಟರ್ ಐದಾರು ಇನ್ನಿಂಗ್ ಎಸೆದರೆ ಉಳಿದ 9ರಿಂದ 12 ಔಟ್‌ಗಳು ಈ ಎಂಟು ಜನರ ಪಾಲಿಗೆ. ಎಂಟು ಜನರಿಗೆ ಹನ್ನೆರಡು ಔಟ್ ಸುಲಭ ಅನ್ನಿಸಬಹುದು. ಸೀಸನ್‌ಗೆ 162 ಪಂದ್ಯ, ಹೆಚ್ಚುಕಡಿಮೆ ದಿನಾ ಆಟ. ನಿನ್ನೆ ಮತ್ತು ಮೊನ್ನೆ ಎರಡೂ ದಿನ ಎಸೆದವನಿಗೆ ಇವತ್ತು ಸಾಮಾನ್ಯವಾಗಿ ರಜೆ. ನಿನ್ನೆ ಒಂದೇ ದಿನ ಮೂವತ್ತು ಎಸೆತ ದಾಟಿದ್ದರೂ ರಜೆಯೇ. ಹೀಗೆ ಕಳೆಯುತ್ತ ಬಂದರೆ ಸಂಜೆ ಏಳಕ್ಕೆ ಮ್ಯಾನೇಜರ್ ಕೈಗೆ ನಿಜವಾಗಿ ಸಿಗುವವರು ಐದು ಅಥವಾ ಆರು ಜನ.

ಸ್ಟಾರ್ಟರ್‌ನನ್ನು ಯಾವಾಗ ತೆಗೆಯಬೇಕು

ಎಸೆತದ ಸಂಖ್ಯೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದಕ್ಕಿಂತ ಮುಖ್ಯವಾದದ್ದು ಎದುರಾಳಿಯ ಲೈನ್‌ಅಪ್ ಎಷ್ಟು ಸುತ್ತು ಬಂದಿದೆ ಎಂಬುದು. ಒಂಬತ್ತು ಬ್ಯಾಟರ್‌ಗಳು ಸರದಿಯಲ್ಲಿ ಬರುತ್ತಾರೆ. ಮೂರನೇ ಸುತ್ತಿಗೆ ಬರುವ ಹೊತ್ತಿಗೆ ಅವರು ಆ ಪಿಚರ್‌ನ ಎಲ್ಲ ಬಗೆಯ ಎಸೆತ ನೋಡಿಯಾಗಿರುತ್ತದೆ, ಆತನ ತೋಳೂ ಸ್ವಲ್ಪ ಸೋತಿರುತ್ತದೆ. ಮೂರನೇ ಸುತ್ತಿನಲ್ಲಿ ಬ್ಯಾಟರ್‌ಗಳ ಸಾಧನೆ ಏರುತ್ತದೆಂಬುದು ಹಲವು ವರ್ಷಗಳ ಅಂಕಿಅಂಶಗಳಲ್ಲಿ ಗಟ್ಟಿಯಾಗಿ ಕಂಡಿರುವ ಸಂಗತಿ.

ಈ ನಿಯಮದ ಎರಡೂ ತುದಿಗಳನ್ನು ಎರಡು ಪಂದ್ಯಗಳು ತೋರಿಸಿವೆ. 2003ರ ಅಮೆರಿಕನ್ ಲೀಗ್ ಫೈನಲ್‌ನ ಏಳನೇ ಪಂದ್ಯದಲ್ಲಿ ಬಾಸ್ಟನ್‌ನ ಮ್ಯಾನೇಜರ್ ಗ್ರೇಡಿ ಲಿಟಲ್ ಎಂಟನೇ ಇನ್ನಿಂಗ್‌ನಲ್ಲಿ ದಣಿದಿದ್ದ ಪೆಡ್ರೊ ಮಾರ್ಟಿನೆಜ್‌ನನ್ನು ಮಾತಾಡಿಸಿ ಅಲ್ಲೇ ಬಿಟ್ಟು ಬಂದ. 5–2 ಇದ್ದದ್ದು 5–5 ಆಯಿತು, ಹನ್ನೊಂದನೇ ಇನ್ನಿಂಗ್‌ನಲ್ಲಿ ಯಾಂಕೀಸ್ ಗೆದ್ದಿತು. 2020ರ ವರ್ಲ್ಡ್ ಸೀರೀಸ್ (ಮೇಜರ್ ಲೀಗ್‌ನ ಅಂತಿಮ ಸರಣಿ) ಆರನೇ ಪಂದ್ಯದಲ್ಲಿ ಇದಕ್ಕೆ ತದ್ವಿರುದ್ಧ. ಟ್ಯಾಂಪಾ ಬೇ ತಂಡದ ಬ್ಲೇಕ್ ಸ್ನೆಲ್ 73 ಎಸೆತಗಳಲ್ಲಿ ಒಂಬತ್ತು ಜನರನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮಾಡಿ, ಎರಡೇ ಹಿಟ್ (ಬ್ಯಾಟರ್‌ನನ್ನು ಬೇಸ್ ಸೇರಿಸುವ ಹೊಡೆತ) ಕೊಟ್ಟು 1–0 ಮುನ್ನಡೆ ಕಾಪಾಡಿದ್ದ. ಡಾಡ್ಜರ್ಸ್ ಲೈನ್‌ಅಪ್‌ನ ತಲೆ ಮೂರನೇ ಸುತ್ತಿಗೆ ಬರುತ್ತಿದ್ದಂತೆ ಮ್ಯಾನೇಜರ್ ಕೆವಿನ್ ಕ್ಯಾಶ್ ಅವನನ್ನು ತೆಗೆದು ನಿಕ್ ಆ್ಯಂಡರ್ಸನ್‌ನನ್ನು ತಂದ. ಮೂಕಿ ಬೆಟ್ಸ್ ಡಬಲ್ (ಎರಡನೇ ಬೇಸ್‌ವರೆಗೆ ಒಯ್ಯುವ ಹೊಡೆತ) ಹೊಡೆದ, ಮುನ್ನಡೆ ಅದೇ ಇನ್ನಿಂಗ್‌ನಲ್ಲಿ ಹೋಯಿತು. ಕ್ಯಾಶ್‌ನ ತತ್ವ ಸರಿಯಿತ್ತು, ಅನ್ವಯ ತಪ್ಪಿತು ಎಂಬುದು ನಮ್ಮ ಅಭಿಪ್ರಾಯ. ಆ ಮೊದಲ ಮೂವರು ಬ್ಯಾಟರ್‌ಗಳು ಸ್ನೆಲ್ ಎದುರು ಆರು ಸಲ ಬಂದು ಆರು ಸಲವೂ ಸ್ಟ್ರೈಕ್‌ಔಟ್ ಆಗಿದ್ದರು. ಸರಾಸರಿ ಎಂಬುದು ಸಾವಿರ ಪಿಚರ್‌ಗಳ ಕಥೆ. ಅದನ್ನು ಅವತ್ತು ಎದುರಿಗಿದ್ದ ತೋಳಿನ ಜೊತೆ ತೂಗಿ ನೋಡಬೇಕಿತ್ತು. ಜೊತೆಗೆ ಕೇಳಬೇಕಾದ ಪ್ರಶ್ನೆ, ಬದಲಿಗೆ ಬರುವವನು ಇವತ್ತು ಇವನಿಗಿಂತ ಮೇಲೋ ಅಂತ.

ಫೋನ್ ಎತ್ತುವ ಹೊತ್ತು

ಕಲಿಯುವವರು ಸಾಮಾನ್ಯವಾಗಿ ಗಮನಿಸದ ಭಾಗ ಇದು, ಆದರೆ ಅರ್ಧ ಆಟ ಇಲ್ಲೇ ಇದೆ. ಡಗೌಟ್‌ನಿಂದ ಬುಲ್‌ಪೆನ್‌ಗೆ ಫೋನ್ ಹೋಗುತ್ತದೆ, ಅಲ್ಲಿನ ಪಿಚರ್ ಎದ್ದು ಎಸೆಯಲು ಶುರುಮಾಡುತ್ತಾನೆ. ಬಹಳಷ್ಟು ರಿಲೀವರ್‌ಗಳಿಗೆ ಮೈ ಬಿಸಿಯಾಗಲು ಹದಿನೈದು–ಇಪ್ಪತ್ತೈದು ಎಸೆತ, ಐದಾರು ನಿಮಿಷ ಬೇಕು.

ಈಗ ಇನ್ನೊಂದು ಕಡೆಯ ಗಡಿಯಾರ ನೋಡಿ. ಒಬ್ಬ ಬ್ಯಾಟರ್‌ಗೆ ಸರಾಸರಿ ನಾಲ್ಕು ಎಸೆತ. 2023ರಿಂದ ಎಸೆತಕ್ಕೆ ಸಮಯ ಗೊತ್ತುಮಾಡುವ ಪಿಚ್ ಕ್ಲಾಕ್ ಬಂದಿದೆ. ಬೇಸ್ ಖಾಲಿ ಇದ್ದರೆ 15 ಸೆಕೆಂಡ್, ರನ್ನರ್ (ಬೇಸ್ ತಲುಪಿ ನಿಂತ ಬ್ಯಾಟರ್) ಇದ್ದರೆ 18 ಸೆಕೆಂಡ್ (ಮೊದಲ ವರ್ಷ 20 ಇತ್ತು). ಅಂದರೆ ಒಬ್ಬ ಬ್ಯಾಟರ್ ಎರಡು ನಿಮಿಷದೊಳಗೆ ಮುಗಿದುಹೋಗುತ್ತಾನೆ. ಐದು ನಿಮಿಷ ಬೇಕಾದ ಪಿಚರ್‌ನನ್ನು ನಿರ್ದಿಷ್ಟ ಬ್ಯಾಟರ್‌ಗೆ ತರಬೇಕಿದ್ದರೆ ಅವನಿಗಿಂತ ಮೂವರು ಬ್ಯಾಟರ್ ಹಿಂದೆಯೇ ಫೋನ್ ಎತ್ತಿರಬೇಕು. ರನ್ನರ್‌ಗಳು ಬೇಸ್ ಮೇಲೆ ಬಂದ ಮೇಲೆ ಯೋಚಿಸಿದರೆ ತಡವಾಯಿತು. ಮೌಂಡ್‌ಗೆ ಬಂದ ಮೇಲೆ ಸಿಗುವ ಕೆಲವೇ ಎಸೆತದ ಅಭ್ಯಾಸ ಆ ಕೊರತೆ ತುಂಬುವುದಿಲ್ಲ.

ತಡವಾದಾಗ ಬಳಸುವ ಉಪಾಯ ಒಂದಿದೆ: ಪಿಚಿಂಗ್ ಕೋಚ್ ನಿಧಾನವಾಗಿ ಮೌಂಡ್‌ಗೆ ಹೋಗಿ ಮಾತಾಡಿಸುವುದು. ಸಿಗುವುದು ಸುಮಾರು ಅರ್ಧ ನಿಮಿಷ, ಬುಲ್‌ಪೆನ್‌ನಲ್ಲಿ ನಾಲ್ಕೈದು ಎಸೆತಕ್ಕೆ ಸಾಕು. ಇದಕ್ಕೂ ಬೆಲೆ ಇದೆ. ಇಂಥ ಭೇಟಿ 2024ರಿಂದ ಪಂದ್ಯಕ್ಕೆ ನಾಲ್ಕು ಮಾತ್ರ. ಅದೇ ಇನ್ನಿಂಗ್‌ನಲ್ಲಿ ಅದೇ ಪಿಚರ್ ಬಳಿಗೆ ಡಗೌಟ್‌ನಿಂದ ಎರಡನೇ ಸಲ ಹೋದರೆ ಅವನನ್ನು ತೆಗೆಯಲೇಬೇಕು.

ಬೇಗ ಎಬ್ಬಿಸುವುದೂ ತಪ್ಪೇ. ಆರನೇ ಇನ್ನಿಂಗ್‌ನಲ್ಲಿ ಎಬ್ಬಿಸಿ ಕೂರಿಸಿ, ಏಳರಲ್ಲಿ ಮತ್ತೆ ಎಬ್ಬಿಸಿ, ಕೊನೆಗೆ ಎಂಟರಲ್ಲಿ ಕರೆದರೆ ಆ ತೋಳು ಆಗಲೇ ನಲವತ್ತು ಎಸೆತ ಎಸೆದಿರುತ್ತದೆ. ಸ್ಕೋರ್‌ಕಾರ್ಡ್‌ನಲ್ಲಿ ಇದರ ಗುರುತೂ ಇರುವುದಿಲ್ಲ. ಪಂದ್ಯದಲ್ಲಿ ಒಂದೂ ಎಸೆಯದೆ ಎರಡು ಸಲ ಬಿಸಿಯಾದವನನ್ನು ಒಳ್ಳೆಯ ಮ್ಯಾನೇಜರ್ ಆ ದಿನ ದುಡಿದವನೆಂದೇ ಲೆಕ್ಕ ಹಾಕುತ್ತಾನೆ.

ಮೂರು ಬ್ಯಾಟರ್ ನಿಯಮ

ಎಡಗೈ ಪಿಚರ್‌ನ ಸ್ಲೈಡರ್ ಎಡಗೈ ಬ್ಯಾಟರ್‌ನಿಂದ ಆಚೆಗೆ ಸರಿಯುತ್ತದೆ, ಚೆಂಡು ಅವನ ಬೆನ್ನ ಹಿಂದಿನಿಂದ ಬಂದಂತೆ ಕಾಣುತ್ತದೆ. ಅದೇ ಸ್ಲೈಡರ್ ಬಲಗೈ ಬ್ಯಾಟರ್‌ನ ಬ್ಯಾಟ್ ಕಡೆಗೇ ಒಳಗೆ ಬರುತ್ತದೆ. ಹಾಗಾಗಿ ಒಂದೇ ಕೈಯವರನ್ನು ಎದುರುಬದುರು ಮಾಡಿದರೆ ಪಿಚರ್‌ಗೆ ಅನುಕೂಲ. ಹಿಂದೆ ಒಬ್ಬನೇ ಬ್ಯಾಟರ್‌ಗೆಂದು ಎಡಗೈ ತಜ್ಞನನ್ನು ತಂದು, ತಕ್ಷಣ ತೆಗೆಯುತ್ತಿದ್ದರು. 2020ರಿಂದ ಅದು ನಡೆಯುವುದಿಲ್ಲ. ಬಂದ ಪಿಚರ್ ಕನಿಷ್ಠ ಮೂವರನ್ನು ಎದುರಿಸಬೇಕು ಅಥವಾ ಆ ಅರ್ಧ ಇನ್ನಿಂಗ್ ಮುಗಿಸಬೇಕು. ಗಾಯ, ಅನಾರೋಗ್ಯಕ್ಕೆ ಮಾತ್ರ ವಿನಾಯಿತಿ.

ಒಂದು ಸನ್ನಿವೇಶ ಹಾಕಿಕೊಳ್ಳೋಣ. ಏಳನೇ ಇನ್ನಿಂಗ್, ನಾವು 4–3 ಮುಂದೆ. ಬರುವ ಸರದಿ: 8ನೆಯವನು ಬಲಗೈ, 9ನೆಯವನು ಬಲಗೈ, 1ನೆಯವನು ಎಡಗೈ, 2ನೆಯವನು ಬಲಗೈ ಮತ್ತು ತಂಡದ ಅತ್ಯುತ್ತಮ ಹೊಡೆತಗಾರ, 3ನೆಯವನು ಎಡಗೈ. ಸ್ಟಾರ್ಟರ್ 84 ಎಸೆತ ಎಸೆದಿದ್ದಾನೆ. 8 ಮತ್ತು 9 ಇಬ್ಬರೂ ಔಟಾದರೆ, ಎರಡು ಔಟ್ ಇರುವಾಗ ಎಡಗೈ ರಿಲೀವರ್‌ನನ್ನು 1ನೆಯವನಿಗೆ ತರುವುದು ಚೆಂದದ ನಡೆ. ಅವನು ಔಟಾದರೆ ಇನ್ನಿಂಗ್ ಮುಗಿಯಿತು, ನಿಯಮವೂ ತೀರಿತು. 8 ಅಥವಾ 9 ಬೇಸ್ ಸೇರಿ ಒಂದೇ ಔಟ್ ಇದ್ದರೆ ಅದೇ ನಡೆ ಬಲೆಯಾಗಬಹುದು. ಎಡಗೈಯವನು 1ನೆಯವನನ್ನು ಔಟ್ ಮಾಡಿದರೂ 2ನೆಯ ಬಲಗೈ ಹೊಡೆತಗಾರನಿಗೆ ಎಸೆಯಲೇಬೇಕು. ಅಷ್ಟೇ ಅಲ್ಲ, ಎಡಗೈಯವನ ಹೆಸರು ಘೋಷಣೆಯಾದ ಮರುಕ್ಷಣ ಎದುರಾಳಿ ಮ್ಯಾನೇಜರ್ 1ನೆಯವನ ಬದಲು ಬಲಗೈ ಪಿಂಚ್ ಹಿಟರ್‌ನನ್ನು ಕಳಿಸಬಹುದು. ಆದ್ದರಿಂದ ಬದಲಾವಣೆಗೆ ಮೊದಲು ಮೂವರ ಸರದಿ ಓದಿ, ಎದುರಾಳಿ ಬೆಂಚಿನಲ್ಲಿ ಯಾರು ಉಳಿದಿದ್ದಾರೆ ಎಂದು ಎಣಿಸಿ, ಆಮೇಲೆ ಕಾಲಿಡಬೇಕು.

ಬೇಸ್ ಮೇಲೆ ರನ್ನರ್ ಎಲ್ಲಿದ್ದಾನೆ ಎಂಬುದೂ ಪಿಚರ್‌ನನ್ನು ಆರಿಸುತ್ತದೆ. ಒಂದನೇ ಬೇಸ್‌ನಲ್ಲಿ ರನ್ನರ್, ಎರಡಕ್ಕಿಂತ ಕಡಿಮೆ ಔಟ್ ಇದ್ದರೆ ಸಿಂಕರ್ ಎಸೆದು ಚೆಂಡನ್ನು ನೆಲಕ್ಕೆ ಹೊಡೆಸುವವನು ಬೇಕು, ಏಕೆಂದರೆ ಒಂದೇ ಚೆಂಡಿಗೆ ಡಬಲ್ ಪ್ಲೇ (ಎರಡು ಔಟ್) ಸಿಗಬಹುದು. ರನ್ನರ್ ಮೂರನೇ ಬೇಸ್‌ನಲ್ಲಿದ್ದು ಒಂದೇ ಔಟ್ ಆಗಿದ್ದರೆ ಆಳಕ್ಕೆ ಹೋದ ಕ್ಯಾಚ್ ಕೂಡ ರನ್ ಕೊಡುತ್ತದೆ. ಆಗ ಸ್ಟ್ರೈಕ್‌ಔಟ್ ಮಾಡಬಲ್ಲವನೇ ಬೇಕು.

2024ರ ವರ್ಲ್ಡ್ ಸೀರೀಸ್ ಮೊದಲ ಪಂದ್ಯ ಇದಕ್ಕೆಲ್ಲ ಒಳ್ಳೆಯ ಪಾಠ. ಹತ್ತನೇ ಇನ್ನಿಂಗ್, ಯಾಂಕೀಸ್ 3–2 ಮುಂದೆ, ಒಂದು ಔಟ್, ಇಬ್ಬರು ರನ್ನರ್‌ಗಳು. ಎದುರಿಗೆ ಡಾಡ್ಜರ್ಸ್‌ನ ಎಡಗೈ ಒಹ್ತಾನಿ, ನಂತರ ಬಲಗೈ ಬೆಟ್ಸ್, ನಂತರ ಎಡಗೈ ಫ್ರೀಮನ್. ಮ್ಯಾನೇಜರ್ ಆ್ಯರನ್ ಬೂನ್ ತಂದದ್ದು ಗಾಯದಿಂದ ಒಂದು ತಿಂಗಳಿಗೂ ಹೆಚ್ಚು ಕಾಲ ಪಂದ್ಯ ಆಡದಿದ್ದ ಎಡಗೈ ಸ್ಟಾರ್ಟರ್ ನೆಸ್ಟರ್ ಕೋರ್ಟೆಸ್‌ನನ್ನು. ಚೆಂಡನ್ನು ನೆಲಕ್ಕೆ ಹೊಡೆಸುವ ಎಡಗೈ ರಿಲೀವರ್ ಟಿಮ್ ಹಿಲ್ ಕೂಡ ಬುಲ್‌ಪೆನ್‌ನಲ್ಲಿದ್ದ. ಒಹ್ತಾನಿ ಮೊದಲ ಎಸೆತಕ್ಕೇ ಕ್ಯಾಚ್ ಕೊಟ್ಟ. ಹಿಡಿದ ಫೀಲ್ಡರ್ ಪ್ರೇಕ್ಷಕರ ಸಾಲಿಗೆ ಬಿದ್ದದ್ದರಿಂದ ರನ್ನರ್‌ಗಳಿಗೆ ಒಂದೊಂದು ಬೇಸ್ ಸಿಕ್ಕಿತು. ಒಂದನೇ ಬೇಸ್ ಖಾಲಿಯಾದ್ದರಿಂದ ಬೆಟ್ಸ್‌ಗೆ ಬೇಕೆಂದೇ ವಾಕ್ (ಹೊಡೆಯದೆಯೇ ಒಂದನೇ ಬೇಸ್) ಕೊಟ್ಟು ಫ್ರೀಮನ್‌ನನ್ನು ಎಡಗೈಗೆ ಎಡಗೈ ಎದುರಿಸಿದರು. ಕಾಗದದ ಮೇಲೆ ಸರಿಯಾದ ನಡೆ. ಕೋರ್ಟೆಸ್‌ನ ಎರಡನೇ ಎಸೆತವನ್ನು ಫ್ರೀಮನ್ ಗ್ರ್ಯಾಂಡ್ ಸ್ಲ್ಯಾಮ್ (ಮೂರೂ ಬೇಸ್ ತುಂಬಿರುವಾಗಿನ ಹೋಮ್ ರನ್) ಮಾಡಿದ, ಪಂದ್ಯ 6–3. ಕೈ ಹೊಂದಿಸಿದ್ದು ಸರಿಯಿದ್ದರೂ ತಿಂಗಳಿಗೂ ಹೆಚ್ಚು ಕಾಲ ಪಂದ್ಯ ಕಾಣದ ತೋಳಿಗೆ ಆ ಹೊತ್ತಿನ ಭಾರ ಹೊರಿಸಿದ್ದು ದೊಡ್ಡ ಪಣವೇ ಆಗಿತ್ತು.

ಅತ್ಯುತ್ತಮನನ್ನು ಯಾವಾಗ ತರಬೇಕು

ಕ್ಲೋಸರ್ ಎಂದರೆ ಕೊನೆಯ ಇನ್ನಿಂಗ್‌ಗೆ ಬರುವವನು. ಈ ಪದ್ಧತಿಯನ್ನು ಬೆಳೆಸಿದ್ದು ‘ಸೇವ್’ ಎಂಬ ಲೆಕ್ಕ. 1969ರಲ್ಲಿ ಅಧಿಕೃತವಾಯಿತು, ಈಗಿನ ರೂಪ 1975ರದ್ದು. ಗೆದ್ದ ಪಂದ್ಯವನ್ನು ಮುಗಿಸಿದವನು, ಮೂರು ರನ್ ಒಳಗಿನ ಮುನ್ನಡೆಯಲ್ಲಿ ಬಂದು ಒಂದು ಪೂರ್ತಿ ಇನ್ನಿಂಗ್ ಎಸೆದರೆ ಸೇವ್. ಸಮ ಮಾಡಬಲ್ಲ ರನ್ ಬೇಸ್ ಮೇಲೋ, ಬ್ಯಾಟ್ ಹಿಡಿದೋ, ಮುಂದಿನ ಸರದಿಯಲ್ಲೋ ಇರುವಾಗ ಬಂದರೂ ಸೇವ್. ಕನಿಷ್ಠ ಮೂರು ಇನ್ನಿಂಗ್ ಎಸೆದರೆ ಮುನ್ನಡೆ ಎಷ್ಟಿದ್ದರೂ ಸೇವ್. ಓಕ್ಲೆಂಡ್‌ನ ಮ್ಯಾನೇಜರ್ ಟೋನಿ ಲಾ ರುಸಾ ತನ್ನ ಪಿಚರ್ ಡೆನಿಸ್ ಎಕರ್ಸ್ಲಿಯನ್ನು ಬಹುಮಟ್ಟಿಗೆ ಒಂಬತ್ತನೇ ಇನ್ನಿಂಗ್‌ಗೇ ಮೀಸಲಿಟ್ಟ ಮೇಲೆ ಉಳಿದವರೂ ಅದನ್ನೇ ಹಿಡಿದರು. ಎಕರ್ಸ್ಲಿ 1992ರಲ್ಲಿ 51 ಸೇವ್ ಗಳಿಸಿ, ಸೈ ಯಂಗ್ (ಅತ್ಯುತ್ತಮ ಪಿಚರ್) ಮತ್ತು ಎಂವಿಪಿ (ಅತ್ಯಂತ ಮೌಲ್ಯಯುತ ಆಟಗಾರ) ಪ್ರಶಸ್ತಿ ಎರಡನ್ನೂ ಪಡೆದ.

ಇಲ್ಲಿರುವ ತೊಡಕು ಇಷ್ಟು. ಒಂಬತ್ತರಲ್ಲಿ ಮೂರು ರನ್ ಮುನ್ನಡೆ, ಬೇಸ್ ಖಾಲಿ ಇದ್ದರೆ ತಂಡ ನೂರಕ್ಕೆ 95ಕ್ಕಿಂತ ಹೆಚ್ಚು ಸಲ ಗೆಲ್ಲುತ್ತದೆ, ಸಾಧಾರಣ ಪಿಚರ್ ಸಾಕು. ಏಳರಲ್ಲಿ ಒಂದು ರನ್ ಮುನ್ನಡೆ, ಬೇಸ್‌ಗಳು ತುಂಬಿ, ಒಂದೇ ಔಟ್ ಆಗಿದ್ದರೆ ಪಂದ್ಯ ಅಲ್ಲೇ ನಿರ್ಧಾರವಾಗುತ್ತದೆ, ಆದರೆ ಅತ್ಯುತ್ತಮನು ಬುಲ್‌ಪೆನ್‌ನಲ್ಲಿ ಕೂತಿರುತ್ತಾನೆ. ಸನ್ನಿವೇಶದ ಈ ತೂಕಕ್ಕೆ ಲೆವರೇಜ್ ಅನ್ನುತ್ತಾರೆ, ಸರಾಸರಿ 1. ಎರಡಕ್ಕಿಂತ ಮೇಲೇರಿದಾಗ ಕೈಯಲ್ಲಿರುವ ಒಳ್ಳೆಯವನು ಬರಬೇಕು.

2016ರ ಅಕ್ಟೋಬರ್‌ನ ಪ್ಲೇಆಫ್ ಪಂದ್ಯಗಳು ಅತ್ಯುತ್ತಮನನ್ನು ಕಾದಿಡುವುದು, ಬೇಗ ತರುವುದು ಎರಡನ್ನೂ ತೋರಿಸಿದವು. ಟೊರೊಂಟೊದಲ್ಲಿ ನಡೆದ ವೈಲ್ಡ್ ಕಾರ್ಡ್ ಪಂದ್ಯದಲ್ಲಿ (ಸೋತವರು ಹೊರಬೀಳುವ ಒಂದೇ ಪಂದ್ಯ) ಬಾಲ್ಟಿಮೋರ್‌ನ ಮ್ಯಾನೇಜರ್ ಬಕ್ ಶೋವಾಲ್ಟರ್ ಆ ವರ್ಷ 47ಕ್ಕೆ 47 ಸೇವ್ ಮಾಡಿದ್ದ ಜ್ಯಾಕ್ ಬ್ರಿಟನ್‌ನನ್ನು ಮುನ್ನಡೆ ಸಿಗಲೆಂದು ಕಾದು ಕೂರಿಸಿದ. ಹನ್ನೊಂದನೇ ಇನ್ನಿಂಗ್‌ನಲ್ಲಿ ಊಬಾಲ್ಡೊ ಹಿಮೆನೆಜ್ ಎಸೆದ ಚೆಂಡನ್ನು ಎಡ್ವಿನ್ ಎನ್ಕಾರ್ನಸಿಯಾನ್ ಹೋಮ್ ರನ್ ಮಾಡಿ 5–2ಕ್ಕೆ ಮುಗಿಸಿದ, ಬ್ರಿಟನ್ ಒಂದು ಎಸೆತವನ್ನೂ ಎಸೆಯಲಿಲ್ಲ. ಎದುರಾಳಿಯ ಊರಲ್ಲಿ ಸಮಬಲದಲ್ಲಿ ಆಡುವಾಗ ಒಂದೇ ರನ್ ಬಿಟ್ಟರೂ ಪಂದ್ಯ ಮುಗಿಯುತ್ತದೆ. ಸೇವ್‌ಗಾಗಿ ಕಾಯುತ್ತ ಕೂತರೆ ಆ ಹೊತ್ತು ಬರದೆಯೇ ಹೋಗಬಹುದು. ಅದೇ ವಾರ ಕ್ಲೀವ್‌ಲೆಂಡ್‌ನ ಮ್ಯಾನೇಜರ್ ಟೆರಿ ಫ್ರಾಂಕೋನಾ ಬಾಸ್ಟನ್ ಎದುರು ತನ್ನ ಅತ್ಯುತ್ತಮ ರಿಲೀವರ್ ಆ್ಯಂಡ್ರೂ ಮಿಲ್ಲರ್‌ನನ್ನು ಐದನೇ ಇನ್ನಿಂಗ್‌ನಲ್ಲೇ ತಂದ. ಮಿಲ್ಲರ್ ಮುಂದೆ ಲೀಗ್ ಫೈನಲ್‌ನ ಎಂವಿಪಿ ಆದ.

ಹಾಗೆಂದು ಸ್ಥಿರ ಪಾತ್ರಗಳು ವ್ಯರ್ಥವಲ್ಲ. ತನ್ನ ಹೊತ್ತು ಗೊತ್ತಿರುವ ಪಿಚರ್ ಮೈ ಮತ್ತು ಮನಸ್ಸನ್ನು ಹದವಾಗಿ ಸಿದ್ಧಪಡಿಸಿಕೊಳ್ಳುತ್ತಾನೆ, ವ್ಯರ್ಥವಾಗಿ ಬಿಸಿಯಾಗುವುದು ತಪ್ಪುತ್ತದೆ. ಯಾಂಕೀಸ್‌ನ ಕ್ಲೋಸರ್ ಮರಿಯಾನೊ ರಿವೇರಾನ 652 ಸೇವ್‌ಗಳ ಹಿಂದೆ ಆ ಶಿಸ್ತೂ ಇದೆ. ಅಕ್ಟೋಬರ್‌ನಲ್ಲಿ ನಡುನಡುವೆ ರಜಾದಿನ ಸಿಗುತ್ತದೆ, ಮಿಲ್ಲರ್‌ನಂಥವನನ್ನು ಎರಡು ಇನ್ನಿಂಗ್ ದುಡಿಸಬಹುದು. ಜುಲೈನಲ್ಲಿ ಹಾಗೆ ಮಾಡಿದರೆ ತೋಳು ಸೆಪ್ಟೆಂಬರ್‌ವರೆಗೆ ಉಳಿಯುವುದಿಲ್ಲ.

ಐದು ರನ್ ಹಿಂದಿದ್ದಾಗ, ಅಥವಾ ಸ್ಟಾರ್ಟರ್ ಎರಡನೇ ಇನ್ನಿಂಗ್‌ನಲ್ಲೇ ಕುಸಿದಾಗ, ಲಾಂಗ್ ರಿಲೀವರ್ ಬರುತ್ತಾನೆ. ಮೂರು–ನಾಲ್ಕು ಇನ್ನಿಂಗ್ ಎಸೆದು ಉಳಿದ ಏಳು ಜನರ ತೋಳನ್ನು ನಾಳೆಗೆ ಉಳಿಸುವುದು ಅವನ ಕೆಲಸ. ಹೊಗಳಿಕೆ ಸಿಗದ ಕೆಲಸ, ಆದರೆ ಮಾರನೆಯ ದಿನದ ಗೆಲುವಿನಲ್ಲಿ ಅವನ ಪಾಲು ಇದ್ದೇ ಇರುತ್ತದೆ.

ರಿಲೀವರ್‌ಗಳನ್ನು ಅಳೆಯುವಾಗ ಇಆರ್‌ಎ (ಒಂಬತ್ತು ಇನ್ನಿಂಗ್‌ಗೆ ಪಿಚರ್ ಬಿಟ್ಟುಕೊಟ್ಟ ರನ್‌ಗಳ ಸರಾಸರಿ) ಒಂದನ್ನೇ ನಂಬಬೇಡಿ. ಹಿಂದಿನ ಪಿಚರ್ ಬೇಸ್ ಮೇಲೆ ಬಿಟ್ಟುಹೋದ ರನ್ನರ್ ಮನೆ ಸೇರಿದರೆ ಆ ರನ್ ಬರೆಯುವುದು ಬಿಟ್ಟುಹೋದವನ ಖಾತೆಗೆ. ಬಂದವನು ಇಬ್ಬರನ್ನು ಮನೆ ಸೇರಿಸಿ, ಆಮೇಲೆ ಇನ್ನಿಂಗ್ ಮುಗಿಸಿದರೂ ಅವನ ಇಆರ್‌ಎ ಸ್ವಚ್ಛವಾಗಿಯೇ ಇರುತ್ತದೆ. ಪಕ್ಕದ ಅಂಕಣದಲ್ಲಿ ಹೀಗೆ ಹಿಂದಿನವನು ಬಿಟ್ಟುಹೋದ ರನ್ನರ್‌ಗಳು ಎಷ್ಟು, ಅವರಲ್ಲಿ ಎಷ್ಟು ಜನ ಮನೆ ಸೇರಿದರು ಎಂಬ ಎರಡು ಸಂಖ್ಯೆಗಳಿರುತ್ತವೆ. ಇನ್ನಿಂಗ್ ನಡುವೆ ಯಾರನ್ನು ನಂಬಿ ಕರೆಯಬಹುದೆಂದು ಮ್ಯಾನೇಜರ್ ನೋಡುವುದು ಆ ಎರಡನ್ನು.