ಕಚೇರಿಯಿಂದ ಕಚೇರಿಗೆ ಸವೆದ ಎಚ್ಚರಿಕೆ

2013ರ ಸೆಪ್ಟೆಂಬರ್ 16ರ ಬೆಳಿಗ್ಗೆ ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿರುವ ನೇವಿ ಯಾರ್ಡ್ ಎಂಬ ನೌಕಾನೆಲೆಯೊಳಗೆ ಆರನ್ ಅಲೆಕ್ಸಿಸ್ ಎಂಬ ಗುತ್ತಿಗೆ ಕಂಪ್ಯೂಟರ್ ತಂತ್ರಜ್ಞ ಶಾಟ್‌ಗನ್ನೊಂದನ್ನು ಚೀಲದಲ್ಲಿ ಅಡಗಿಸಿಕೊಂಡು ಬಂದ. 197ನೇ ಕಟ್ಟಡದಲ್ಲಿ 12 ಜನರನ್ನು ಕೊಂದ ಅವನು ಕೊನೆಗೆ ಪೊಲೀಸರ ಗುಂಡಿಗೆ ಸತ್ತ. ಅವನೇನು ಬೇಲಿ ಹಾರಿ ನುಗ್ಗಿದವನಲ್ಲ. ಅವನ ಕೈಯಲ್ಲಿ ಸರಕಾರವೇ ಕೊಟ್ಟ, ಚಾಲ್ತಿಯಲ್ಲಿದ್ದ ಪ್ರವೇಶಪತ್ರವಿತ್ತು.

ಮುನ್ಸೂಚನೆಗಳನ್ನು ಯಾರೂ ಗಮನಿಸಲಿಲ್ಲ ಎಂಬ ಮಾತು ಇಂಥ ದುರಂತಗಳ ನಂತರ ಕೇಳಿಬರುವುದು ವಾಡಿಕೆ. ಈ ಪ್ರಕರಣದಲ್ಲಿ ಅದು ಅಷ್ಟೊಂದು ಸರಿಯಲ್ಲ. ಹೆಚ್ಚಿನ ಸೂಚನೆಗಳು ಯಾರದೋ ಕಣ್ಣಿಗೆ ಬಿದ್ದಿದ್ದವು, ಎಲ್ಲೋ ದಾಖಲೂ ಆಗಿದ್ದವು. ಆದರೆ ಒಂದು ಕಚೇರಿಯಿಂದ ಇನ್ನೊಂದಕ್ಕೆ ದಾಟುವಾಗ ಅವುಗಳ ತೀವ್ರತೆ ಕಡಿಮೆಯಾಗುತ್ತಾ ಹೋಯಿತು, ಇಲ್ಲವೇ ಅವು ದಾಟಲೇ ಇಲ್ಲ.

2004ರಲ್ಲಿ ಸಿಯಾಟಲ್ ನಗರದಲ್ಲಿ ಅಲೆಕ್ಸಿಸ್ ಕಟ್ಟಡ ಕಾರ್ಮಿಕನೊಬ್ಬನ ಕಾರಿನ ಹಿಂದಿನ ಚಕ್ರಗಳಿಗೆ ಗುಂಡು ಹೊಡೆದಿದ್ದ. ಪೊಲೀಸ್ ವರದಿಯಲ್ಲಿ ಬಂದೂಕಿನ ಪ್ರಸ್ತಾಪ ಸ್ಪಷ್ಟವಾಗಿತ್ತು. 2007ರಲ್ಲಿ ಅವನು ನೌಕಾಪಡೆಗೆ ಸೇರಿದಾಗ ಹಿನ್ನೆಲೆ ತನಿಖೆ ನಡೆಸಿದವರು ಆ ಮೂಲ ವರದಿಯನ್ನು ತರಿಸಿಕೊಳ್ಳದೆ ಅವನನ್ನೇ ಕೇಳಿದರು. ಟೈರಿನ ಗಾಳಿ ಬಿಟ್ಟಿದ್ದೆ ಎಂದು ಅವನು ಹೇಳಿದ್ದೇ ಕಡತಕ್ಕೆ ಸೇರಿತು. ಅಲ್ಲಿ ಬಂದೂಕು ಮಾಯವಾಗಿ, ಅಪರಾಧವು ಪುಂಡಾಟಿಕೆಯಾಯಿತು. ಆ ಕಡತದ ಆಧಾರದ ಮೇಲೆ 2008ರ ಮಾರ್ಚ್‌ನಲ್ಲಿ ಅವನಿಗೆ ಹತ್ತು ವರ್ಷ ಬಾಳುವ ರಹಸ್ಯಮಟ್ಟದ ಭದ್ರತಾ ಅನುಮತಿ, ಅಂದರೆ ಸರಕಾರದ ಗೋಪ್ಯ ಮಾಹಿತಿ ನೋಡುವ ಅರ್ಹತೆ, ಸಿಕ್ಕಿತು. ನೌಕಾಪಡೆಯಲ್ಲಿದ್ದಾಗಲೂ ಅವನು ಪೊಲೀಸರ ಕೈಗೆ ಸಿಕ್ಕಿದ್ದುಂಟು. 2010ರಲ್ಲಿ ಟೆಕ್ಸಾಸ್ ರಾಜ್ಯದ ಫೋರ್ಟ್ ವರ್ತ್‌ನ ಮನೆಯಲ್ಲಿ ಅವನ ಬಂದೂಕಿನಿಂದ ಹಾರಿದ ಗುಂಡು ಮೇಲ್ಮಹಡಿಯ ಮನೆಗೆ ನುಗ್ಗಿತ್ತು. ಆದರೂ 2011ರಲ್ಲಿ ಅವನು ಗೌರವಯುತ ಬಿಡುಗಡೆ ಪಡೆದೇ ಹೊರಬಂದ.

ಇನ್ನು ರೋಡ್ ಐಲೆಂಡ್ ರಾಜ್ಯದ ನ್ಯೂಪೋರ್ಟ್ ನಗರದ ಘಟನೆ. 2013ರ ಆಗಸ್ಟ್ 7ರ ಬೆಳಗಿನ ಜಾವ ಅಲ್ಲಿನ ಹೋಟೆಲಿಗೆ ಪೊಲೀಸರನ್ನು ಕರೆಸಿದ ಅಲೆಕ್ಸಿಸ್, ಮೂವರು ತನ್ನ ಬೆನ್ನುಹತ್ತಿದ್ದಾರೆ, ಗೋಡೆಯ ಮೂಲಕ ಮಾತಾಡುತ್ತಿದ್ದಾರೆ, ಮೈಕ್ರೋವೇವ್ ಯಂತ್ರದಿಂದ ಕಂಪನ ಹಾಯಿಸಿ ನಿದ್ದೆ ಕೆಡಿಸುತ್ತಿದ್ದಾರೆ ಎಂದ. ಪೊಲೀಸರು ಮಾಡಬೇಕಾದ್ದನ್ನು ಮಾಡಿದರು: ವರದಿಯನ್ನು ಅಲ್ಲಿನ ನೌಕಾನೆಲೆಯ ಭದ್ರತಾ ವಿಭಾಗಕ್ಕೆ ಫ್ಯಾಕ್ಸ್ ಮೂಲಕ ಕಳುಹಿಸಿದರು. ಅಲ್ಲಿಂದ ಅದು ಮುಂದೆ ಹೋಗಲಿಲ್ಲ. ಅವನಿಗೆ ಕೆಲಸ ಕೊಟ್ಟಿದ್ದ ಕಂಪನಿಯೂ ಅವನ ಪ್ರವೇಶಾಧಿಕಾರವನ್ನು ಹಿಂತೆಗೆದುಕೊಂಡಿತು. ಆದರೆ ಎರಡೇ ದಿನಗಳಲ್ಲಿ ಮರಳಿ ಕೊಟ್ಟಿತು, ರಕ್ಷಣಾ ಇಲಾಖೆಗೆ ತಿಳಿಸಲೂ ಇಲ್ಲ. ಅದೇ ತಿಂಗಳು ಅವನು ಮಾಜಿ ಸೈನಿಕರ ಆಸ್ಪತ್ರೆಗಳಿಗೆ ಎರಡು ಬಾರಿ ಹೋಗಿ ನಿದ್ದೆ ಬಾರದೆಂದಷ್ಟೇ ಹೇಳಿದ. ಗೋಡೆಯಾಚೆಯ ದನಿಗಳ ಸಂಗತಿ ವೈದ್ಯರ ಮುಂದಿರಲಿಲ್ಲವಾದ್ದರಿಂದ ಅವರು ನಿದ್ದೆಯ ಮಾತ್ರೆ ಬರೆದುಕೊಟ್ಟರು.

ಇದನ್ನೆಲ್ಲ ಸಾಲಾಗಿ ಓದಿದಾಗ ದುರಂತ ಅನಿವಾರ್ಯವಾಗಿತ್ತು ಅನ್ನಿಸುತ್ತದೆ. ಆ ಅನ್ನಿಸಿಕೆಯನ್ನು ಪೂರ್ತಿ ನಂಬುವಂತಿಲ್ಲ. ಮನೋವಿಜ್ಞಾನಿ ಬರೂಕ್ ಫಿಶ್‌ಹಾಫ್ 1975ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 1814ರ ಬ್ರಿಟಿಷ್–ಗೂರ್ಖಾ ಸಂಘರ್ಷದ ವಿವರಣೆಯನ್ನು ಜನರಿಗೆ ಓದಲು ಕೊಟ್ಟು, ಬೇರೆ ಬೇರೆ ಗುಂಪುಗಳಿಗೆ ಬೇರೆ ಬೇರೆ ಫಲಿತಾಂಶಗಳನ್ನು ಹೇಳಲಾಗಿತ್ತು. ತಮಗೆ ಹೇಳಿದ ಫಲಿತಾಂಶವೇ ಮೊದಲಿನಿಂದಲೂ ಹೆಚ್ಚು ಸಂಭವನೀಯವಾಗಿತ್ತೆಂದು ಆಯಾ ಗುಂಪಿನವರು ಅಂದಾಜಿಸಿದರು. ಮುಗಿದ ಕಥೆ ಗೊತ್ತಿರುವವನಿಗೆ ಅದಕ್ಕೆ ಹೊಂದುವ ಸುಳಿವುಗಳಷ್ಟೇ ಎದ್ದು ಕಾಣುತ್ತವೆ.

ಲೆಕ್ಕಾಚಾರವೂ ನಮ್ಮ ಪರವಾಗಿಲ್ಲ. 2013ರಲ್ಲಿ ಅಮೆರಿಕದಲ್ಲಿ ಭದ್ರತಾ ಅನುಮತಿ ಇದ್ದವರು ಸುಮಾರು 50 ಲಕ್ಷ ಜನ. ಅವರಲ್ಲಿ ಐವರು ಮಾತ್ರ ಅಪಾಯಕಾರಿಗಳೆಂದು ಊಹಿಸಿಕೊಳ್ಳಿ. ನೂರಕ್ಕೆ 99 ಬಾರಿ ಸರಿ ಹೇಳುವ ಪರೀಕ್ಷೆಯನ್ನು ಎಲ್ಲರಿಗೂ ಮಾಡಿದರೂ ಆ ಐವರನ್ನು ಹಿಡಿಯುವ ಭರದಲ್ಲಿ ಸುಮಾರು 50,000 ನಿರಪರಾಧಿಗಳು ಶಂಕಿತರಾಗುತ್ತಾರೆ. ದನಿಗಳು ಕೇಳಿಸುವವರಲ್ಲಿ ಬಹುಪಾಲು ಜನ ಯಾರನ್ನೂ ನೋಯಿಸುವವರಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಕೊಲೆಗಾರನನ್ನು ಮುಂಚಿತವಾಗಿ ಗುರುತಿಸುವುದು ವಿಜ್ಞಾನಕ್ಕೆ ನಿಲುಕದ ಕೆಲಸ.

ಹಾಗೆಂದು ಸಂಸ್ಥೆಗಳ ತಪ್ಪನ್ನು ಮನ್ನಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಅವುಗಳ ಮುಂದಿದ್ದದ್ದು ಕೊಲೆ ಮಾಡುತ್ತಾನೆಯೇ ಎಂಬ ಪ್ರಶ್ನೆಯಲ್ಲ. ಇಂಥ ಸ್ಥಿತಿಯಲ್ಲಿರುವವನು ಸದ್ಯಕ್ಕೆ ರಕ್ಷಣಾ ಕಚೇರಿಯೊಳಗೆ ಹೋಗಿಬರಬಹುದೇ, ಅವನಿಗೆ ಚಿಕಿತ್ಸೆ ಬೇಕೇ ಎಂಬಷ್ಟೇ ಸಣ್ಣ ಪ್ರಶ್ನೆ. ಅದಕ್ಕೆ ಭವಿಷ್ಯವಾಣಿ ಬೇಕಿರಲಿಲ್ಲ. ಸಿಯಾಟಲ್, ಫೋರ್ಟ್ ವರ್ತ್ ಮತ್ತು ನ್ಯೂಪೋರ್ಟ್‌ನ ಕಾಗದಗಳು ಒಂದೇ ಮೇಜಿನ ಮೇಲೆ ಬಂದಿದ್ದರೆ ಸಾಕಿತ್ತು. ಅವನ್ನು ಹಾಗೆ ಒಟ್ಟುಗೂಡಿಸುವ ಹೊಣೆ ಯಾರ ಹುದ್ದೆಗೂ ಸೇರಿರಲಿಲ್ಲ.

ವರ್ಷಗಟ್ಟಲೆ ಕಾಯುವ ಮರುಪರಿಶೀಲನೆಯ ಬದಲು, ಬಂಧನ, ಸಾಲ ಮುಂತಾದವುಗಳ ದಾಖಲೆಗಳನ್ನು ಕಂಪ್ಯೂಟರ್ ಮೂಲಕ ನಿರಂತರವಾಗಿ ಜಾಲಾಡುವ ವ್ಯವಸ್ಥೆಯನ್ನು ಅಮೆರಿಕ ಆಮೇಲೆ ತಂದಿತು. ಆದರೆ ನ್ಯೂಪೋರ್ಟ್‌ನಲ್ಲಿ ಅಲೆಕ್ಸಿಸ್‌ನನ್ನು ಯಾರೂ ಬಂಧಿಸಿರಲಿಲ್ಲ, ಮೊಕದ್ದಮೆಯೂ ಹೂಡಿರಲಿಲ್ಲ. ಅಂಥ ಘಟನೆ ಈ ಜಾಲಾಟಕ್ಕೂ ತಾನಾಗಿ ಸಿಗುವಂಥದ್ದಲ್ಲ. ಫ್ಯಾಕ್ಸ್ ಕೈಗೆ ಬಂದ ಅಧಿಕಾರಿ ಈಗಲೂ ಅದನ್ನು ಮುಂದಕ್ಕೆ ಕಳುಹಿಸಲೇಬೇಕು.